ಏಳು ಮನೆಗಳಲ್ಲಿ ನಮ್ಮದೂ ಒಂದಾಗಲಿ

ಬೆಕ್ಕು ತನ್ನ ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂಬ ಮಾತನ್ನು ನಮ್ಮಲ್ಲಿ ಬಹುತೇಕರು ಬಾಲ್ಯದಲ್ಲಿ ಕೇಳಿಯೇ ಬೆಳೆದಿದ್ದೇವೆ. ತೀರ್ಥಹಳ್ಳಿಯ ಸಮೀಪದ ನಮ್ಮ ಮನೆಯಲ್ಲಿ ಅದು ಪ್ರತಿ ವರ್ಷ ಕಣ್ಣೆದುರು ನಡೆಯುತ್ತಿದ್ದ ಸಂಗತಿ. ಅಟ್ಟದ ಮೇಲೆ ಹುಟ್ಟಿದ ಮರಿಗಳು ನಾಲ್ಕು ದಿನಗಳ ಬಳಿಕ ಕೊಟ್ಟಿಗೆಯ ಹುಲ್ಲಿನ ನಡುವೆ ಕಾಣಿಸಿಕೊಳ್ಳುತ್ತಿದ್ದವು. ಆಮೇಲೆ ಸೌದೆ ರಾಶಿಯ ಹಿಂದೆ, ಕೊನೆಗೆ ಬಚ್ಚಲೊಲೆಯ ಬೆಚ್ಚನೆಯ ಬೂದಿಯ ಬಳಿ. ಎಷ್ಟು ಹುಟ್ಟಿದವು, ಎಷ್ಟು ಉಳಿದವು ಎಂದು ಯಾರೂ ಲೆಕ್ಕವಿಡುತ್ತಿರಲಿಲ್ಲ. ಹಾಲು ಕರೆದ ಮೇಲೆ ಒಂದು ಗರಟೆಯಲ್ಲಿ ಸ್ವಲ್ಪ ಹಾಲು ಸುರಿದಿಟ್ಟರೆ ಮನೆಯವರ ಕರ್ತವ್ಯ ಮುಗಿಯುತ್ತಿತ್ತು. ಉಳಿದದ್ದನ್ನು ಬೆಕ್ಕೂ ಹಿತ್ತಿಲೂ ನೋಡಿಕೊಳ್ಳುತ್ತಿದ್ದವು.

ಮೌಂಟನ್ ವ್ಯೂಗೆ ಬಂದು ನೆಲೆಸಿದ ಮೇಲೂ ಬೆಕ್ಕಿನ ಬಗೆಗಿನ ನನ್ನ ತಿಳಿವಳಿಕೆ ಇಷ್ಟೇ ಆಗಿತ್ತು. ಅದು ಎಷ್ಟು ಅಪೂರ್ಣವೆಂಬುದು ಮನವರಿಕೆಯಾದದ್ದು 2023ರ ಮಾರ್ಚ್ ತಿಂಗಳಲ್ಲಿ. ಅದಕ್ಕೆ ಒಂದು ಮರಿಯ ಪ್ರಾಣವೇ ಬೆಲೆಯಾಯಿತು. ಆ ಅನುಭವವನ್ನು ಹೇಳಿಕೊಂಡು, ಅದರಿಂದ ನಾನು ತಲುಪಿದ ಒಂದು ಅಭಿಪ್ರಾಯವನ್ನು ಸದಸ್ಯ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ನಮ್ಮ ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ ನಮ್ಮವರೇ ಆದ ಒಂದು ಕುಟುಂಬವಿತ್ತು. 2022ರ ಕೊನೆಯಲ್ಲಿ ಈ ಕಣಿವೆಯ ಹಲವು ಕಂಪನಿಗಳು ನೌಕರರನ್ನು ಕೈಬಿಟ್ಟಾಗ ಆ ಮನೆಯ ಯಜಮಾನರೂ ಕೆಲಸ ಕಳೆದುಕೊಂಡರು. ಎಚ್-1ಬಿ ವೀಸಾದ ಮೇಲಿರುವವರಿಗೆ ಕೆಲಸ ಹೋದ ಮೇಲೆ ಇಲ್ಲಿ ಉಳಿಯಲು ದೊರೆಯುವ ಗಡುವು ಗರಿಷ್ಠ 60 ದಿನ. ಆ ದಿನಗಳು ಹೇಗೆ ಕಳೆಯುತ್ತವೆಂದು ಇದನ್ನು ಓದುವ ಹಲವರಿಗೆ ನಾನು ವಿವರಿಸಬೇಕಾಗಿಲ್ಲ. ಜನವರಿಯ ಕೊನೆಯಲ್ಲಿ ಅವರು ಊರಿಗೆ ಮರಳಿದರು. ಹೋಗುವ ಮುನ್ನ ಸೋಫಾ, ಊಟದ ಮೇಜು, ಕಾರು, ಗ್ರೈಂಡರ್, ಕಡೆಗೆ ಕುಂಡದ ತುಳಸಿಗೂ ವಾಟ್ಸ್‌ಆಪ್ ಗುಂಪಿನಲ್ಲಿ ಒಂದೊಂದು ಮನೆ ಹುಡುಕಿದರು. ಬೂದು ಪಟ್ಟೆಗಳ ಅವರ ಬೆಕ್ಕಿನ ವಿಷಯ ಮಾತ್ರ ಆ ಗುಂಪಿನಲ್ಲಿ ಬರಲೇ ಇಲ್ಲ.

ಬೆಕ್ಕು ಮುಚ್ಚಿದ ಬಾಗಿಲಿನ ಮುಂದೆ ಕುಳಿತಿರುತ್ತಿತ್ತು. ನಾನು ಊರಿನ ಅಭ್ಯಾಸದಂತೆ ಸ್ಟೀಲಿನ ಬಟ್ಟಲಲ್ಲಿ ಹಾಲಿಟ್ಟೆ. ಮರುದಿನವೂ ಇಟ್ಟೆ. ಹಾಗೆ ಆರು ವಾರ ಕಳೆದವು. ಒಂದು ಜೀವಕ್ಕೆ ಆಸರೆಯಾಗಿದ್ದೇನೆಂಬ ಸಮಾಧಾನ ನನಗಿತ್ತು. ಮಾರ್ಚ್ ತಿಂಗಳ ಬಿರುಗಾಳಿ ಮಳೆ ಅನೇಕರಿಗೆ ನೆನಪಿರಬಹುದು. ಅದು ಹೊಯ್ದು ನಿಂತ ಮರುದಿನ ಬೆಳಿಗ್ಗೆ, ಕಾರು ನಿಲ್ಲಿಸುವ ಚಪ್ಪರದ ಮೂಲೆಯ ರಟ್ಟಿನ ಪೆಟ್ಟಿಗೆಯಲ್ಲಿ ನನ್ನ ಮಗಳು ನಾಲ್ಕು ಮರಿಗಳನ್ನು ಕಂಡಳು. ಮೂರು ಚೀರುತ್ತಿದ್ದವು, ಒಂದು ತಣ್ಣಗಾಗಿತ್ತು.

ಅಂದು ನಾನು ಫೋನ್ ಮಾಡಿದೆ. ಆ ಫೋನನ್ನು ಆರು ವಾರಗಳ ಹಿಂದೆಯೇ ಮಾಡಬಹುದಾಗಿತ್ತು. ಮಾಡಿದ್ದರೆ ಆ ಬೆಕ್ಕು ಮಳೆಯಲ್ಲಿ ಮರಿ ಹಾಕುತ್ತಿರಲಿಲ್ಲ. ದಿನಕ್ಕೊಂದು ಬಟ್ಟಲು ಹಾಲು ನನ್ನ ಮನಸ್ಸನ್ನು ಸಮಾಧಾನಪಡಿಸಿತು. ಬೆಕ್ಕಿನ ಸ್ಥಿತಿಯನ್ನು ಒಂದಿಷ್ಟೂ ಬದಲಿಸಲಿಲ್ಲ. ಆ ಹಾಲು ಅದಕ್ಕೆ ಒಗ್ಗುತ್ತಲೂ ಇರಲಿಲ್ಲವೆಂದು ಪಶುವೈದ್ಯರು ಹೇಳಿದರು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದೆ ಹೊಟ್ಟೆ ಕೆಡುತ್ತದೆ. ತೆನಾಲಿ ರಾಮಕೃಷ್ಣನ ಬೆಕ್ಕು ಬಾಯಿ ಸುಟ್ಟುಕೊಂಡು ಹಾಲಿಗೆ ಹೆದರಿದ ಕಥೆಯನ್ನು ಮಕ್ಕಳಿಗೆ ನಗುತ್ತ ಹೇಳುತ್ತೇವೆ. ಈಗ ಯೋಚಿಸಿದರೆ ಅದು ಹೆದರಿದ್ದೇ ಅದರ ಹೊಟ್ಟೆಗೆ ಕ್ಷೇಮ.

ಸ್ವಯಂಸೇವಕಿಯೊಬ್ಬರು ಬಂದು ತಾಯಿಯನ್ನೂ ಮರಿಗಳನ್ನೂ ಪರೀಕ್ಷಿಸಿ ಒಂದೇ ಪ್ರಶ್ನೆ ಕೇಳಿದರು: "ಎಂಟು ವಾರ ಇವನ್ನು ನಿಮ್ಮ ಮನೆಯಲ್ಲಿ ಇರಿಸಿಕೊಳ್ಳಬಲ್ಲಿರಾ?" ಆಗ ಊರಿನಿಂದ ಬಂದು ನಮ್ಮೊಡನಿದ್ದ ಅಮ್ಮನ ಮುಖ ನೋಡಿದೆ. "ಏಳು ಮನೆ ಸುತ್ತಬೇಕಲ್ಲ, ಒಂದು ಮನೆ ನಮ್ಮದಾಗ್ಲಿ ಬಿಡು" ಎಂದರು ಅಮ್ಮ.

ಫಾಸ್ಟರಿಂಗ್ ಎಂದು ಇಲ್ಲಿ ಕರೆಯುವ ತಾತ್ಕಾಲಿಕ ಪಾಲನೆಯ ತಿರುಳು ಅಮ್ಮನ ಆ ಮಾತಿನಲ್ಲಿದೆ. ದತ್ತು ಪಡೆಯುವುದೆಂದರೆ ಬೆಕ್ಕನ್ನು ಅದರ ಆಯುಷ್ಯ ಪೂರ್ತಿ ಮನೆಯ ಸದಸ್ಯನನ್ನಾಗಿ ಮಾಡಿಕೊಳ್ಳುವುದು. ಫಾಸ್ಟರಿಂಗ್ ಎಂದರೆ ಅದು ಶಾಶ್ವತ ಮನೆ ಸೇರುವ ತನಕ ಕೆಲವು ವಾರ ಆಸರೆಯಾಗುವುದು. ನಾವೇ ಇಲ್ಲಿ ತಾತ್ಕಾಲಿಕ, ವೀಸಾದ ಮೇಲೆ ಬದುಕುವವರು, ಬಾಡಿಗೆ ಮನೆಯವರು, ವರ್ಷಕ್ಕೊಮ್ಮೆ ಊರಿಗೆ ಹೋಗುವವರು, ನಮಗೇಕೆ ಬೆಕ್ಕು ಎಂದು ನಮ್ಮ ಬಹಳಷ್ಟು ಕುಟುಂಬಗಳು ಹೇಳುತ್ತವೆ. ದತ್ತು ಪಡೆಯದಿರಲು ಅದು ಪ್ರಾಮಾಣಿಕ ಕಾರಣ. ಆದರೆ ಎಂಟು ವಾರಗಳ ಪಾಲನೆ ಬೇಡುವುದು ಎಂಟು ವಾರಗಳ ಸ್ಥಿರತೆಯನ್ನು ಮಾತ್ರ. ಹಾಗಾಗಿ ತಾತ್ಕಾಲಿಕವಾಗಿ ಬದುಕುವ ನಮ್ಮಂಥವರಿಗೆ ಇದಕ್ಕಿಂತ ಹೊಂದುವ ಸೇವೆ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಾಣಿಗಳ ಆಶ್ರಯಧಾಮಗಳಿರುವಾಗ ಮನೆಗಳೇಕೆ ಬೇಕು ಎಂದು ಕೇಳಬಹುದು. ಮೌಂಟನ್ ವ್ಯೂ ನಗರದ ಪ್ರಾಣಿ ಸೇವೆಗಳ ಹೊಣೆ ಸಾಂತಾ ಕ್ಲಾರಾದಲ್ಲಿ ಕೇಂದ್ರವಿರುವ ಸಿಲಿಕಾನ್ ವ್ಯಾಲಿ ಅನಿಮಲ್ ಕಂಟ್ರೋಲ್ ಅಥಾರಿಟಿಯದು. ಮಿಲ್ಪಿಟಾಸ್‌ನಲ್ಲಿ 1929ರಲ್ಲಿ ಸ್ಥಾಪನೆಯಾದ ಹ್ಯೂಮೇನ್ ಸೊಸೈಟಿ ಸಿಲಿಕಾನ್ ವ್ಯಾಲಿ ಇದೆ. ರೆಡ್‌ವುಡ್ ಸಿಟಿಯಲ್ಲಿ 1965ರಿಂದ ನಡೆದು ಬಂದ ಪೆಟ್ಸ್ ಇನ್ ನೀಡ್ ಇದೆ. ಆದರೆ ತಾಯಿಯಿಲ್ಲದ ಎಳೆಯ ಮರಿಗೆ ಮೊದಲ ವಾರಗಳಲ್ಲಿ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿದಂತೆ, ಬಾಟಲಿಯಿಂದ ಉಣಿಸಬೇಕು. ಹಸುವಿನ ಹಾಲಲ್ಲದೆ ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ಹಾಲನ್ನು ಕೊಡಬೇಕು. ಮೈ ಬೆಚ್ಚಗಿಡುವ ಶಕ್ತಿ ಅದಕ್ಕಿನ್ನೂ ಬಂದಿರುವುದಿಲ್ಲ. ಮೂತ್ರ ವಿಸರ್ಜನೆಗೂ ತಾಯಿ ನೆಕ್ಕುವಂತೆ ಒದ್ದೆ ಬಟ್ಟೆಯಿಂದ ಒರೆಸಬೇಕಾಗುತ್ತದೆ. ಲಸಿಕೆ ಪೂರ್ಣವಾಗದ ಮರಿಗಳಿಗೆ ಹಲವು ಪ್ರಾಣಿಗಳಿರುವ ತಾಣದಲ್ಲಿ ಸೋಂಕಿನ ಭಯವೂ ಹೆಚ್ಚು. ಇನ್ನೊಂದು ಮುಖ್ಯ ಸಂಗತಿಯೆಂದರೆ, ಮರಿಗೆ ಮನುಷ್ಯರಲ್ಲಿ ವಿಶ್ವಾಸ ಮೂಡುವ ಕಾಲ ಸುಮಾರು ಎರಡನೆಯ ವಾರದಿಂದ ಏಳನೆಯ ವಾರದವರೆಗೆ. ಆ ಕಾಲದಲ್ಲಿ ಎತ್ತಿ ಆಡಿಸುವ ಕೈಗಳು, ಮಿಕ್ಸರ್ ಸದ್ದು, ಮಕ್ಕಳ ಗಲಾಟೆ ಇವೆಲ್ಲ ಅದಕ್ಕೆ ಪರಿಚಯವಾಗಬೇಕು. ಇವನ್ನು ಕೊಡಲು ಒಂದು ಮನೆಯೇ ಬೇಕು. ವಸಂತದಿಂದ ಶರತ್ಕಾಲದವರೆಗೆ ಮರಿಗಳು ಹೆಚ್ಚು ಹುಟ್ಟುವ ತಿಂಗಳುಗಳಲ್ಲಿ ಕೊರತೆಯಾಗುವುದು ಇಂಥ ಮನೆಗಳದೇ.

ಬೆಕ್ಕುಗಳನ್ನು ಹೊರಗೇ ಬಿಟ್ಟು ಅನ್ನ ಹಾಕಿದರೆ ಸಾಲದೇ ಎಂಬ ಪ್ರಶ್ನೆಗೆ ಉತ್ತರ ನಮ್ಮೂರಿನಲ್ಲಿಯೇ ದೊರೆತಿದೆ. ಶೋರ್‌ಲೈನ್ ಉದ್ಯಾನದಲ್ಲಿ ವಾಯುವಿಹಾರ ಮಾಡುವವರು ಅಳಿಲುಗಳು ತೋಡಿದ ನೆಲದ ಬಿಲಗಳಲ್ಲಿ ವಾಸಿಸುವ, ಹಗಲಿನಲ್ಲೂ ಹೊರಬಂದು ನಿಲ್ಲುವ ಪುಟ್ಟ ಗೂಬೆಯ ಹೆಸರು ಕೇಳಿರಬಹುದು. ಬರೋಯಿಂಗ್ ಔಲ್ ಎಂಬ ಈ ಹಕ್ಕಿ ಈ ಸೀಮೆಯಲ್ಲಿ ಬಹಳ ವಿರಳವಾಗಿದೆ; 2024ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾ ಅದಕ್ಕೆ ಅಳಿವಿನಂಚಿನ ಜೀವಿಗಳ ಕಾಯ್ದೆಯಡಿ ತಾತ್ಕಾಲಿಕ ರಕ್ಷಣೆ ನೀಡಿತು. ಉದ್ಯಾನದ ನೆರೆಯಲ್ಲೇ ಇರುವ ಗೂಗಲ್ ಆವರಣದಲ್ಲಿ ಅಲ್ಲಿನ ಕೆಲವು ಉದ್ಯೋಗಿಗಳು ಜಿಕ್ಯಾಟ್ ರೆಸ್ಕ್ಯೂ ಎಂಬ ತಂಡ ಕಟ್ಟಿಕೊಂಡು ಬೀದಿಬೆಕ್ಕುಗಳನ್ನು ಹಿಡಿದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುತ್ತಿದ್ದರು. ಪಳಗುವಂಥ ಬೆಕ್ಕುಗಳಿಗೆ ಮನೆ ಹುಡುಕುತ್ತಿದ್ದರು. ಪಳಗದವನ್ನು ಮರಳಿ ಬಿಟ್ಟು ಆಹಾರ ಇಡುತ್ತಿದ್ದರು. 2018ರ ಮೇ ತಿಂಗಳಲ್ಲಿ ಇದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ದೊಡ್ಡ ಸುದ್ದಿಯಾಯಿತು. ಅದರ ಹಿಂದಿನ ವರ್ಷ, 2017ರಲ್ಲಿ, ಶೋರ್‌ಲೈನ್‌ನಲ್ಲಿ ಹಾರುವ ಹಂತ ತಲುಪಿದ ಒಂದು ಗೂಬೆಮರಿಯೂ ಕಂಡಿರಲಿಲ್ಲ. ಗೂಬೆಗಳ ಇಳಿಕೆಗೆ ಕಟ್ಟಡಗಳು ನುಂಗಿದ ಹುಲ್ಲುಗಾವಲು ದೊಡ್ಡ ಕಾರಣವೆಂಬುದನ್ನು ಮರೆಯಬಾರದು. ಆದರೂ ನೆಲದಲ್ಲಿ ಗೂಡು ಮಾಡುವ ಹಕ್ಕಿಯ ಪಕ್ಕದಲ್ಲಿ ಬೇಟೆಗಾರ ಬೆಕ್ಕುಗಳಿಗೆ ಆಹಾರವಿಟ್ಟು ನೆಲೆಗೊಳಿಸುವುದು ಅಪಾಯವೆಂಬ ಪಕ್ಷಿಪ್ರಿಯರ ವಾದವನ್ನು ತಳ್ಳಿಹಾಕಲಾಗದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಇಲಿಯ ಜಾಗಕ್ಕೆ ಇಲ್ಲಿ ಗೂಬೆ ಬಂದಿದೆ.

ಎರಡೂ ಕಡೆಯವರು ಪ್ರಾಣಿದಯೆಯುಳ್ಳವರೇ. ಅವರ ನಡುವಿನ ಈ ಜಗಳ ನನಗೆ ಒಂದು ಸಂಗತಿಯನ್ನು ಸ್ಪಷ್ಟಪಡಿಸಿತು. ಮನುಷ್ಯರಲ್ಲಿ ವಿಶ್ವಾಸ ಕಲಿಯದೆ ಬೆಳೆದ ಬೆಕ್ಕನ್ನು ಆಮೇಲೆ ಮನೆಯೊಳಗೆ ತರುವುದು ಬಹುಪಾಲು ಆಗದ ಮಾತು. ಅದನ್ನು ಎಲ್ಲಿಟ್ಟರೂ ಯಾವುದೋ ಒಂದು ಜೀವಕ್ಕೆ ಕಷ್ಟ. ಅದೇ ಬೆಕ್ಕು ಐದು ವಾರದ ಮರಿಯಾಗಿದ್ದಾಗ ಯಾರಾದರೂ ಮನೆಗೆ ಒಯ್ದಿದ್ದರೆ ಅದೂ ಕ್ಷೇಮ, ಗೂಬೆಯೂ ಕ್ಷೇಮ. ಫಾಸ್ಟರ್ ಮನೆಯ ಬಾಗಿಲು ಸಮಯಕ್ಕೆ ಸರಿಯಾಗಿ ತೆರೆದರೆ ಈ ಜಗಳಕ್ಕೆ ಅವಕಾಶವೇ ಕಡಿಮೆ.

ಇನ್ನು ನಮ್ಮ ಮನೆಗಳಲ್ಲಿ ಏಳುವ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಸಸ್ಯಾಹಾರದ್ದು. ನಮ್ಮದೂ ಸಸ್ಯಾಹಾರಿ ಮನೆ. ಮೀನಿನ ಡಬ್ಬಿ ತೆರೆದ ಮೊದಲ ದಿನ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ದೇವರ ಮನೆಯ ಬಾಗಿಲು ಹಾಕಿದರು. ಆದರೆ ಬೆಕ್ಕಿನ ದೇಹರಚನೆ ಮಾಂಸಾಹಾರಕ್ಕೇ ಹೊಂದಿಕೊಂಡದ್ದು. ಮಾಂಸದಲ್ಲಿರುವ ಟಾರೀನ್ ಎಂಬ ಪೋಷಕಾಂಶ ಸಾಲದಾದರೆ ಬೆಕ್ಕು ಕುರುಡಾಗುತ್ತದೆ, ಹೃದಯದ ಸ್ನಾಯು ದುರ್ಬಲವಾಗುತ್ತದೆ. ಈ ಹೃದ್ರೋಗದ ಕಾರಣವನ್ನು 1987ರಲ್ಲಿ ತೋರಿಸಿಕೊಟ್ಟವರು ನಮ್ಮ ರಾಜ್ಯದ್ದೇ ಆದ ಯುಸಿ ಡೇವಿಸ್‌ನ ಸಂಶೋಧಕರು. ಮೊಸರನ್ನ ತಿನ್ನಿಸಿ ಬೆಕ್ಕನ್ನು ನಮ್ಮಂತೆ ಮಾಡಹೊರಟರೆ ಅದು ದಯೆಯ ಹೆಸರಿನ ಹಿಂಸೆಯಾಗುತ್ತದೆ. ನಾವು ಅದರ ಬಟ್ಟಲು, ಚಮಚಗಳನ್ನು ಪ್ರತ್ಯೇಕವಾಗಿಟ್ಟು ಸ್ನಾನದ ಮನೆಯ ಸಿಂಕಿನಲ್ಲಿ ತೊಳೆಯುವ ಕ್ರಮ ಮಾಡಿಕೊಂಡೆವು. ಎರಡನೆಯ ವಾರಕ್ಕೆ ಅಮ್ಮನೇ ಡಬ್ಬಿ ತೆರೆಯುತ್ತಿದ್ದರು. ಮೂಗು ಮುಚ್ಚಿಕೊಳ್ಳುವುದನ್ನು ಮಾತ್ರ ಬಿಡಲಿಲ್ಲ. ಇದು ತಮ್ಮಿಂದಾಗದು ಎನ್ನುವ ಮನೆಗಳನ್ನು ನಾನು ದೂರುವುದಿಲ್ಲ. ಆದರೆ ಮರಿಯನ್ನು ತಂದುಕೊಂಡ ಮೇಲೆ ಅದರ ಆಹಾರವನ್ನು ಅದಕ್ಕೆ ಕೊಡಲೇಬೇಕು.

ಎರಡನೆಯದು ಬೆಕ್ಕು ಅಡ್ಡ ಬಂದರೆ ಅಪಶಕುನವೆಂಬ ನಂಬಿಕೆ. ನಮ್ಮ ಪರಂಪರೆಯಲ್ಲೇ ಇದಕ್ಕೆ ಎದುರಾದ ಮಾತುಗಳೂ ಇವೆ. ಬೆಕ್ಕನ್ನು ಕೊಂದವರು ಪ್ರಾಯಶ್ಚಿತ್ತಕ್ಕೆ ಚಿನ್ನದ ಬೆಕ್ಕನ್ನು ದಾನ ಮಾಡಬೇಕೆಂದು ಹಿರಿಯರು ಹೇಳುತ್ತಿದ್ದರು. ಶ್ರೀವೈಷ್ಣವ ಪರಂಪರೆಯಲ್ಲಂತೂ ಭಗವಂತನ ಕೃಪೆಯನ್ನು ವಿವರಿಸಲು ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುವ ತಾಯಿಬೆಕ್ಕನ್ನೇ ದೃಷ್ಟಾಂತವಾಗಿ ಆರಿಸಿಕೊಂಡರು. ಮಾರ್ಜಾಲ ನ್ಯಾಯವೆಂದರೆ ಅದೇ. ದೇವರ ಕರುಣೆಗೆ ಹೋಲಿಕೆಯಾದ ಪ್ರಾಣಿ ಅಪಶಕುನ ಹೇಗಾದೀತು?

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು: ಮಕ್ಕಳು ಮರಿಗಳನ್ನು ಹಚ್ಚಿಕೊಂಡ ಮೇಲೆ ಕಳಿಸುವುದು ಹೇಗೆ? ಇದನ್ನು ಹಗುರವಾಗಿ ಕಾಣಲು ನಾನು ಸಿದ್ಧನಿಲ್ಲ. ಮರಿಗಳು ಸುಮಾರು 900 ಗ್ರಾಂ ತೂಗಿ, ಶಸ್ತ್ರಚಿಕಿತ್ಸೆಗೆ ಸಿದ್ಧವಾಗಿ, ಅವನ್ನು ಮರಳಿ ಒಪ್ಪಿಸುವ ದಿನ ಬಂದಾಗ ನನ್ನ ಮಗಳು ಪೆಟ್ಟಿಗೆಯನ್ನು ಬಿಗಿಯಾಗಿ ಹಿಡಿದು ಕುಳಿತಳು. ನನಗೆ ಮಾತು ಹೊರಡಲಿಲ್ಲ. ಅಮ್ಮ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಕೃಷ್ಣನ್ನ ಮಥುರೆಗೆ ಕಳಿಸೋಕೆ ಯಶೋದೆಗೆ ಸುಲಭ ಆಗಿತ್ತಾ ಪುಟ್ಟಿ? ಅವನು ಹೋದ ಅಂತ ಅವಳೇನು ತಾಯಿ ಅಲ್ಲದೇ ಹೋದ್ಲಾ?" ಎಂದು ಕೇಳಿದರು. ಮಗಳು ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನೇ ಪೆಟ್ಟಿಗೆ ಹೊತ್ತು ಕಾರಿನವರೆಗೆ ನಡೆದಳು. ದಾರಿಯಲ್ಲೂ ಅತ್ತಳು, ಮರುದಿನವೂ ಅತ್ತಳು. ಮುಂದಿನ ವರ್ಷ ವಸಂತ ಬಂದಾಗ, "ಈ ಸಲ ನಮ್ಮ ಮನೆಗೆ ಯಾರು ಬರುತ್ತಾರೆ?" ಎಂದು ಕೇಳಿದವಳೂ ಅವಳೇ. ಪ್ರೀತಿಸಿದ್ದನ್ನೆಲ್ಲ ಇಟ್ಟುಕೊಳ್ಳಲಾಗದು ಎಂಬ ಪಾಠ ವಲಸೆ ಬಂದ ಕುಟುಂಬಗಳ ಮಕ್ಕಳಿಗೆ ಹೇಗೂ ಎದುರಾಗುತ್ತದೆ. ಪ್ರತಿ ಬೇಸಿಗೆಯಲ್ಲಿ ಅಜ್ಜ ಅಜ್ಜಿಯರನ್ನು ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವವರು ಅವರೇ ತಾನೇ.

ಉತ್ಸಾಹದೊಡನೆ ಎಚ್ಚರವೂ ಬೇಕು. ಬಾಡಿಗೆ ಮನೆಯವರು ಮೊದಲು ಒಪ್ಪಂದವನ್ನು ಓದಿ, ಮಾಲೀಕರ ಅನುಮತಿ ಪಡೆಯಬೇಕು. ಮನೆಯಲ್ಲಿ ಯಾರಿಗಾದರೂ ಅಲರ್ಜಿ ಇದೆಯೇ ಎಂದು ತಿಳಿದುಕೊಳ್ಳಬೇಕು. ಗರ್ಭಿಣಿಯರಿರುವ ಮನೆಯಲ್ಲಿ ಬೆಕ್ಕಿನ ಮಲದ ತಟ್ಟೆಯನ್ನು ಬೇರೆಯವರು ಸ್ವಚ್ಛಗೊಳಿಸಬೇಕು. ಈರುಳ್ಳಿ, ಬೆಳ್ಳುಳ್ಳಿ ಬೆರೆತ ಯಾವುದನ್ನೂ ಬೆಕ್ಕಿಗೆ ಹಾಕಬಾರದು. ಹಬ್ಬದ ದಿನ ಹೂದಾನಿಯಲ್ಲಿಡುವ ಲಿಲ್ಲಿ ಹೂವಿನ ಪರಾಗವನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಟ್ಟು ಸಾಯಬಹುದು. ಮಲ್ಲಿಗೆ, ಗುಲಾಬಿಗಳಿಂದ ಆ ಭಯವಿಲ್ಲ. ಆಹಾರ, ಔಷಧಿ, ಚಿಕಿತ್ಸೆಗಳ ವೆಚ್ಚವನ್ನು ಸಾಮಾನ್ಯವಾಗಿ ಆಶ್ರಯಧಾಮವೇ ಭರಿಸುತ್ತದೆ. ಎಲ್ಲ ಎಚ್ಚರದ ನಡುವೆಯೂ ಕೆಲವು ಮರಿಗಳು ಉಳಿಯುವುದಿಲ್ಲ. ಅದಕ್ಕೂ ಮನಸ್ಸನ್ನು ಸಿದ್ಧಪಡಿಸಿಕೊಂಡೇ ಮುಂದಾಗಬೇಕು.

ಇಲ್ಲೇ ನೆಲೆ ನಿಂತವರು ದತ್ತಿನ ಬಗ್ಗೆಯೂ ಯೋಚಿಸಬಹುದು. ಮನೆಯೊಳಗೇ ಬೆಳೆಯುವ ಬೆಕ್ಕು ಹದಿನೈದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬದುಕುತ್ತದೆ. ಇಂದು ಒಂದನೆಯ ತರಗತಿಯಲ್ಲಿರುವ ಮಗು ಕಾಲೇಜು ಮುಗಿಸಿದ ಮೇಲೂ ಆ ಬೆಕ್ಕು ನಿಮ್ಮ ಜೊತೆಗಿರಬಹುದು. ಅಷ್ಟು ದೂರ ಯೋಚಿಸಿಯೇ ಸಹಿ ಹಾಕಬೇಕು. ಮರಿಗಳಿಗೆ ಕೇಳುವವರು ಬೇಗ ಸಿಗುತ್ತಾರೆ. ವಯಸ್ಸಾದ ಬೆಕ್ಕುಗಳೇ ಕಾದು ಕುಳಿತಿರುತ್ತವೆ. ಮಕ್ಕಳು ದೂರ ಹೋಗಿ ಮನೆ ನಿಶ್ಶಬ್ದವಾದ ನಮ್ಮ ಹಿರಿಯ ಸದಸ್ಯರಿಗೆ ಅಂಥ ಶಾಂತ ಬೆಕ್ಕೊಂದು ಒಳ್ಳೆಯ ಸಂಗಾತಿಯಾದೀತು. ನಾವು ಕಾಪಾಡಿದ ತಾಯಿಬೆಕ್ಕು ಸೇರಿದ್ದೂ ಅಂಥದೇ ಒಂದು ಹಿರಿಯ ದಂಪತಿಯ ಮನೆಯನ್ನು.

ಊರಿಗೆ ಮರಳಿದ ಆ ಗೆಳೆಯರಿಗೆ ಕೆಲವು ತಿಂಗಳ ಬಳಿಕ ಫೋನ್ ಮಾಡಿದೆ. ಸಿಟ್ಟಿನಿಂದಲೇ ಮಾಡಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ಬೆಕ್ಕು ಹೇಗಿದೆ?" ಎಂದು ಕೇಳಿದರು. ನೆರೆಯವರೊಬ್ಬರು ನೋಡಿಕೊಳ್ಳುತ್ತೇನೆಂದು ಹೇಳಿ ಕೊನೆಯ ದಿನ ಹಿಂದೆ ಸರಿದಿದ್ದರಂತೆ. ಗುಂಪಿನಲ್ಲಿ ಏಕೆ ಕೇಳಲಿಲ್ಲ ಎಂದಾಗ, "ಕೆಲಸ ಹೋದದ್ದೇ ಎಲ್ಲರ ಬಾಯಲ್ಲಿತ್ತು. ಬೆಕ್ಕಿಗೂ ಬೇಡಬೇಕಾ ಅನ್ನಿಸಿತು" ಎಂದರು. ಕ್ಯಾಲಿಫೋರ್ನಿಯಾದಲ್ಲಿ ಸಾಕಿದ ಪ್ರಾಣಿಯನ್ನು ಬೇಕೆಂದೇ ತೊರೆದುಹೋಗುವುದು ಶಿಕ್ಷಾರ್ಹ ಅಪರಾಧ. ಅವರು ಮಾಡಿದ್ದು ತಪ್ಪು. ಆದರೆ ಒಂದು ತುಳಸಿ ಗಿಡಕ್ಕೆ ಮನೆ ಕೇಳುವಷ್ಟು ಸಲುಗೆಯಿದ್ದ ಜನರ ನಡುವೆ ಬೆಕ್ಕಿಗೆ ಮನೆ ಕೇಳಲು ನಾಚಿಕೆಯಾಯಿತೆಂದರೆ ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಆದ್ದರಿಂದ ಒಂದು ಸಣ್ಣ ಸಲಹೆ. ಊರಿನಿಂದ ಬರುವ ತಂದೆತಾಯಿಯರನ್ನು ವಿಮಾನ ನಿಲ್ದಾಣದಿಂದ ಕರೆತರಲು, ಬಾಣಂತಿಯ ಮನೆಗೆ ಅಡುಗೆ ಕಳಿಸಲು ನಮ್ಮಲ್ಲಿ ಪಟ್ಟಿಗಳಿರುವಂತೆ, ಬೆಕ್ಕನ್ನು ಕೆಲವು ವಾರ ಇಟ್ಟುಕೊಳ್ಳಬಲ್ಲ ಮನೆಗಳ ಒಂದು ಪಟ್ಟಿಯೂ ಕೂಟದಲ್ಲಿ ಇರಲಿ. ಊರಿಗೆ ಹೋಗುವವರಿಗೆ, ಆಸ್ಪತ್ರೆ ಸೇರಿದವರಿಗೆ, ಗಡುವಿನೊಳಗೆ ದೇಶ ಬಿಡಬೇಕಾದವರಿಗೆ ಅದು ಆಸರೆಯಾಗಲಿ. ಬೆಕ್ಕನ್ನು ಭಾರತಕ್ಕೆ ಕರೆದೊಯ್ಯಬಯಸುವವರಿಗೆ ರೇಬಿಸ್ ಲಸಿಕೆ, ಪಶುವೈದ್ಯರ ಪ್ರಮಾಣಪತ್ರ, ಭಾರತದ ಪಶು ಕ್ವಾರಂಟೈನ್ ಇಲಾಖೆಯ ನಿರಾಕ್ಷೇಪಣಾ ಪತ್ರಗಳ ದಾರಿಯನ್ನು ಅನುಭವಸ್ಥರು ತೋರಿಸಿಕೊಡಲಿ. ಅದು ಕೊನೆಯ ವಾರದಲ್ಲಿ ಮುಗಿಯುವ ಕೆಲಸವಲ್ಲ, ಮುಂಚೆಯೇ ಆರಂಭಿಸಬೇಕು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆ ಇಂಥ ಪ್ರತಿ ಸಲಹೆಗೂ ಬರುತ್ತದೆ. ಪಟ್ಟಿಯ ಮೊದಲ ಸಾಲಿನಲ್ಲಿ ನಮ್ಮ ಮನೆಯ ಹೆಸರು ಬರೆದುಕೊಳ್ಳಿ. ಇನ್ನು ಆರು ಮನೆಗಳು ಮುಂದೆ ಬಂದರೆ ಏಳಾಗುತ್ತದೆ.